ಬೋರ್ಡಿನ ಮಾಂಟೆಸರಿ, ಬೋರ್ಡಿಯ ಮಾಂಟೆಸರಿ

ಮಳೆಗಾಲ ಮುಗಿದು, ದೀಪಾವಳಿಯ ಹಣತೆಗಳನ್ನು ಒಳಗೆ ತೆಗೆದಿಟ್ಟ ಕೂಡಲೇ ಮುಂಬಯಿಯ ನಮ್ಮ ಮನೆಗಳಿಗೆ ಒಂದು ಜ್ವರ ತಗಲುತ್ತದೆ. ಅದರ ಹೆಸರು ಅಡ್ಮಿಶನ್ ಜ್ವರ. ಮೂರು ತುಂಬದ ಮಗುವನ್ನು ಎತ್ತಿಕೊಂಡು ತಂದೆತಾಯಂದಿರು ಬೊರಿವಲಿಯಿಂದ ಅಂಧೇರಿಗೆ, ಡೊಂಬಿವಲಿಯಿಂದ ಮುಲುಂಡಿಗೆ ಅಲೆಯುತ್ತಾರೆ. ಯಾವ ಶಾಲೆ ಎಂದು ಕೇಳಿದರೆ "ಮಾಂಟೆಸರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೇಳುವಾಗ ದನಿಯಲ್ಲಿ ಕೊಂಚ ಹೆಮ್ಮೆಯೂ ಇರುತ್ತದೆ. ಉಪನಗರಗಳ ಬೀದಿಬೀದಿಯಲ್ಲೂ ಈ ಹೆಸರಿನ ಬೋರ್ಡುಗಳಿವೆ. ಕೆಳಮಾಳಿಗೆಯ ಎರಡು ಕೋಣೆಯ ಫ್ಲ್ಯಾಟು, ಕಿಟಕಿಗೆ ಕಬ್ಬಿಣದ ಸರಳು, ಗೋಡೆಯ ಮೇಲೆ ಮಿಕ್ಕಿ ಮೌಸು. ಹೆಸರಿಗೆ ಪೇಟೆಂಟು ಇಲ್ಲದ ಕಾರಣ ಯಾರು ಬೇಕಾದರೂ ಈ ಬೋರ್ಡು ತೂಗಹಾಕಬಹುದು. ಬೋರ್ಡು ಕಂಡಲ್ಲೆಲ್ಲ ಮಾಂಟೆಸರಿ ಇದೆಯೆಂದು ನಾವೂ ನಂಬಿಬಿಟ್ಟಿದ್ದೇವೆ.

ನಮ್ಮ ತಕರಾರು ಆ ಎರಡು ಕೋಣೆಗಳ ಮೇಲಲ್ಲ. ಅಲ್ಲಿಯೂ ಒಳ್ಳೆಯ ಮನಸ್ಸಿನ ಶಿಕ್ಷಕಿಯರಿದ್ದಾರೆ. ನಮ್ಮ ತಕರಾರು ನಮ್ಮವರ ಮೇಲೆ. ನಾವು ಮಾಂಟೆಸರಿಯನ್ನು ಅರ್ಧ ಮಾತ್ರ ಕೊಂಡುತಂದಿದ್ದೇವೆ. ಮಗುವಿಗೆ ಆರು ತುಂಬಿತೋ ಇಲ್ಲವೋ ಅದನ್ನು ದೊಡ್ಡ ಇಂಗ್ಲಿಷ್ ಶಾಲೆಯ ಬೆಂಚಿಗೆ ಒಪ್ಪಿಸಿ, "ಇನ್ನು ಆಟ ಸಾಕು" ಎನ್ನುತ್ತೇವೆ. ಮಾಂಟೆಸರಿ ನಮ್ಮ ಪಾಲಿಗೆ ಒಂದನೆಯ ತರಗತಿಗೆ ಹತ್ತುವ ಏಣಿ; ಹತ್ತಿದ ಮೇಲೆ ಒದೆಯುವ ಏಣಿ. ಆದರೆ ಆ ಮಹಾತಾಯಿ ಮಗುವನ್ನು ಹೊರಗೆ, ವಿಶಾಲ ಜಗತ್ತಿಗೆ ಕರೆದೊಯ್ಯಿರಿ ಎಂದು ಹೇಳಿದ್ದು ಆರು ತುಂಬಿದ ಮೇಲಿನ ವಯಸ್ಸಿಗೇ. ಅದೇ ವಯಸ್ಸಿನಲ್ಲಿ ನಾವು ಬಾಗಿಲು ಹಾಕುತ್ತೇವೆ.

ಸ್ವಲ್ಪ ಹಿಂದಿನ ಸಂಗತಿ ನೋಡೋಣ. ಮಾರಿಯಾ ಮಾಂಟೆಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿ ವೈದ್ಯಶಾಸ್ತ್ರ ಓದಿದವರು. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ ಅವರ ಮೊದಲ 'ಮಕ್ಕಳ ಮನೆ' ತೆರೆಯಿತು. ತಾಯಿತಂದೆ ದುಡಿಮೆಗೆ ಹೋದಾಗ ಮೆಟ್ಟಿಲುಗಳ ಮೇಲೆ ಓಡಾಡಿ ಗೋಡೆ ಕೆಡಿಸುತ್ತಿದ್ದ ಮಕ್ಕಳು ಅಲ್ಲಿನ ವಿದ್ಯಾರ್ಥಿಗಳು. ನಮ್ಮ ಪರೇಲ್, ಲಾಲ್‌ಬಾಗಿನ ಗಿರಣಿ ಚಾಳುಗಳನ್ನು ಕಂಡವರಿಗೆ ಆ ಚಿತ್ರ ಹೊಸದಲ್ಲ. ಅಂದರೆ ಇಂದು ಸಿರಿವಂತಿಕೆಯ ಗುರುತಾಗಿರುವ ಈ ಪದ್ಧತಿ ಹುಟ್ಟಿದ್ದೇ ಬಡವರ ಓಣಿಯಲ್ಲಿ. 1909ರಲ್ಲಿ ಅವರು ಬರೆದ ಮೊದಲ ದೊಡ್ಡ ಗ್ರಂಥದಲ್ಲಿ ಕೃಷಿ ಮತ್ತು ಪ್ರಾಣಿಪಾಲನೆಗೆಂದೇ ಒಂದು ಅಧ್ಯಾಯವಿದೆ. ನೀರು ಹಾಕದಿದ್ದರೆ ಗಿಡ ಬಾಡುತ್ತದೆಂಬುದನ್ನು ಯಾರೂ ಗದರಿಸದೆ ಮಗು ತಾನೇ ಅರಿಯುತ್ತದೆ, ಬಿತ್ತಿದ ಮೇಲೆ ಕಾಯುವುದನ್ನು ಕಲಿಯುತ್ತದೆ ಎಂಬುದು ಅದರ ಸಾರ. ಮಣಿಯ ಸರ, ಮರದ ತುಂಡುಗಳಷ್ಟೇ ಮಾಂಟೆಸರಿ ಎಂದು ತಿಳಿದವರು ಆ ಅಧ್ಯಾಯದ ಪುಟಗಳನ್ನು ಹರಿದು ಹಾಕಿದಂತೆಯೇ ಸರಿ.

ಮುಂದಿನ ಕಥೆ ನಡೆದದ್ದು ನಮ್ಮ ದೇಶದಲ್ಲಿ. 1939ರಲ್ಲಿ ಅವರು ಮಗ ಮಾರಿಯೋನೊಂದಿಗೆ ಮದರಾಸಿನ ಅಡಯಾರಿಗೆ ಬಂದರು. ಅಲ್ಲಿನ ಮೊದಲ ತರಬೇತಿಗೆ ಸುಮಾರು 300 ಮಂದಿ ಸೇರಿದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರಕಾರ ತಾಯಿಮಗ ಇಬ್ಬರನ್ನೂ ಶತ್ರುದೇಶದವರೆಂದು ನಿರ್ಬಂಧಿಸಿತು. ಮಾರಿಯೋ ಕೆಲಕಾಲ ನಮ್ಮ ಅಹಮದ್‌ನಗರದಲ್ಲೇ ಬಂದಿಯಾಗಿದ್ದರು. 1942ರಿಂದ ಸುಮಾರು ಎರಡು ವರ್ಷ ಅವರು ಕೊಡೈಕನಾಲಿನ ಬೆಟ್ಟದಲ್ಲಿದ್ದಾಗ, ಬೇರೆಬೇರೆ ವಯಸ್ಸಿನ ಮಕ್ಕಳ ಪುಟ್ಟ ಶಾಲೆಯೊಂದನ್ನು ನಡೆಸುತ್ತ, ಆರರಿಂದ ಹನ್ನೆರಡರ ವಯಸ್ಸಿನ ಶಿಕ್ಷಣ ಹೇಗಿರಬೇಕೆಂಬ ವಿಚಾರವನ್ನು ಬೆಳೆಸಿದರು. ಈ ವಯಸ್ಸಿನ ಮಗು "ಇದೇನು" ಎಂದು ಕೇಳಿ ಸುಮ್ಮನಾಗುವುದಿಲ್ಲ, "ಏಕೆ, ಹೇಗೆ" ಎಂದು ಕೇಳುತ್ತದೆ. ಅದಕ್ಕೆ ಮೊದಲು ಇಡೀ ವಿಶ್ವದ ಕಥೆ ಹೇಳಿರಿ. ಭೂಮಿ ಆದದ್ದು, ಜೀವ ಬಂದದ್ದು, ಮನುಷ್ಯ ಬಂದದ್ದು, ಬರಹ ಮತ್ತು ಲೆಕ್ಕ ಹುಟ್ಟಿದ್ದು. ಆಮೇಲೆ ಅದನ್ನು ಹೊರಗೆ ಕಳುಹಿಸಿರಿ. ಗಿಡ, ಹುಳು, ಕಲ್ಲು, ತೊರೆ, ಸಂತೆ ಎಲ್ಲವೂ ಪಾಠವಾಗಲಿ. ಹನ್ನೆರಡು ದಾಟಿದ ಮಕ್ಕಳಂತೂ ಹೊಲದಲ್ಲೇ ವಾಸಿಸಿ, ಬೆಳೆದು, ಮಾರಿ, ಲೆಕ್ಕ ಬರೆಯಬೇಕೆಂದು ಅವರ ಸಲಹೆ. ಅವರಿಗೆ ಅವರಿಟ್ಟ ಹೆಸರಿನ ಅರ್ಥವೇ 'ಭೂಮಿಯ ಮಕ್ಕಳು'.

ಇದೆಲ್ಲ ಪರದೇಶದ ವಿದುಷಿಯ ಕನಸು, ನಮ್ಮಲ್ಲಿ ನಡೆಯುವ ಮಾತಲ್ಲ ಎನ್ನುವವರು ಒಮ್ಮೆ ಪಶ್ಚಿಮ ರೈಲ್ವೆಯ ಗಾಡಿ ಹತ್ತಬೇಕು. ಚರ್ಚ್‌ಗೇಟಿನಿಂದ ಸುಮಾರು 120 ಕಿಲೋಮೀಟರು ಹೋದರೆ ಡಹಾಣು ರೋಡು. ಅದರಾಚೆಯ ಸ್ಟೇಶನ್ನು ಘೋಲ್ವಡ್. ಅಲ್ಲಿಗೆ ಹತ್ತಿರ, ಕಡಲ ದಂಡೆಯ ಚಿಕ್ಕು ತೋಟಗಳ ನಡುವೆ ಬೋರ್ಡಿ ಎಂಬ ಊರು. ನಾವು ಬೋರ್ಡಿನ ಮಾಂಟೆಸರಿಗೆ ಮರುಳಾಗಿರುವಾಗ, ಈ ಬೋರ್ಡಿಯ ಮಾಂಟೆಸರಿ ನಮ್ಮ ಕಣ್ಣಿಗೇ ಬೀಳಲಿಲ್ಲ.

ತಾರಾಬಾಯಿ ಮೋಡಕ್ ಎಂಬ ಮರಾಠಿ ಮಹಿಳೆ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರದಲ್ಲಿ ವರ್ಷಗಟ್ಟಲೆ ದುಡಿದು, ಅನಂತರ ನಮ್ಮ ದಾದರಿನಲ್ಲಿ ಶಿಶುವಿಹಾರ ನಡೆಸಿದವರು. ಪಟ್ಟಣದ ಮಧ್ಯಮವರ್ಗದ ಮಕ್ಕಳಿಗೆ ಕಲಿಸಿ ಹೆಸರು ಪಡೆದ ಮೇಲೆ ಅವರಿಗೆ ಅಷ್ಟೇ ಸಾಲದೆನಿಸಿತು. 1945ರಲ್ಲಿ ಬೋರ್ಡಿಗೆ ಹೋಗಿ ಗ್ರಾಮ ಬಾಲಶಿಕ್ಷಾ ಕೇಂದ್ರ ತೆರೆದರು. ಅವರ ಜೊತೆಗೂಡಿದವರು ಅನುತಾಯಿ ವಾಘ್, ಬಾಲ್ಯದಲ್ಲೇ ವೈಧವ್ಯ ಕಂಡು ಓದಿ ಶಿಕ್ಷಕಿಯಾದವರು. ಇಟಲಿಯ ಸಾಮಗ್ರಿ ಬಡ ಹಳ್ಳಿಗೆ ದುಬಾರಿ. ಆದ್ದರಿಂದ ಕಪ್ಪೆಚಿಪ್ಪು, ಬೀಜ, ಎಲೆ, ಬಿದಿರು, ಬೆಣಚುಕಲ್ಲುಗಳೇ ಸಾಮಗ್ರಿಗಳಾದವು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಕೇರಿಯ ಅಂಗಳಕ್ಕೆ ಹೋಯಿತು, ಅದು ಅಂಗಣವಾಡಿ. ಇಂದು ದೇಶದ ಹಳ್ಳಿಹಳ್ಳಿಯಲ್ಲಿ ಕೇಳುವ ಆ ಹೆಸರಿಗೆ ಬೇರು ಇಲ್ಲಿದೆ. ಸರಕಾರದ ಯೋಜನೆ ಬಂದದ್ದು 1975ರಲ್ಲಿ.

1957ರ ಸುಮಾರಿಗೆ ಕೇಂದ್ರ ಹತ್ತಿರದ ಕೋಸಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವಿಗೆ ಹೋಯಿತು. ಅಲ್ಲಿ ಮಕ್ಕಳಿಗೆ ದನ ಕಾಯುವ ಕೆಲಸ, ಎಳೆಯ ತಮ್ಮತಂಗಿಯರನ್ನು ಎತ್ತಿಕೊಳ್ಳುವ ಕೆಲಸ. "ಹಾಜರಿ ಇಲ್ಲ" ಎಂದು ಹೆಸರು ಹೊಡೆದುಹಾಕುವುದು ಸುಲಭವಿತ್ತು. ಇವರು ಹಾಗೆ ಮಾಡಲಿಲ್ಲ. ದನ ಮೇಯುವ ಹುಲ್ಲುಗಾವಲಿಗೇ ಶಿಕ್ಷಕರನ್ನು ಕಳುಹಿಸಿ 'ಕುರಣಶಾಲೆ' ನಡೆಸಿದರು. ಕುರಣವೆಂದರೆ ಮರಾಠಿಯಲ್ಲಿ ಹುಲ್ಲುಗಾವಲು. ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿ 'ವಿಕಾಸವಾಡಿ' ಮಾಡಿದರು. ತಂಗಿಯನ್ನು ತೊಟ್ಟಿಲಲ್ಲಿ ಬಿಟ್ಟು ಅಕ್ಕ ಪಕ್ಕದ ಕೋಣೆಯಲ್ಲಿ ಕಲಿಯಬಹುದಾಯಿತು. ಆರು ತುಂಬಿದ ಮಗುವನ್ನು ಇವರು ಕೈಬಿಡಲಿಲ್ಲವೆಂಬುದನ್ನು ನಮ್ಮವರು ಗಮನಿಸಬೇಕು. ಸರಕಾರ ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1984ರಲ್ಲಿ ಪದ್ಮಶ್ರೀ ಕೊಟ್ಟಿತು. 1973ರಲ್ಲಿ ತಾರಾಬಾಯಿ, 1992ರಲ್ಲಿ ಅನುತಾಯಿ ತೀರಿಕೊಂಡರು. ನಮ್ಮ ಸಂಘಗಳ ಪ್ರವಾಸದ ಬಸ್ಸುಗಳು ಶಿರ್ಡಿಗೆ ಹೋಗುತ್ತವೆ, ಮಹಾಬಳೇಶ್ವರಕ್ಕೆ ಹೋಗುತ್ತವೆ. ಕೋಸಬಾಡಿನ ಗುಡ್ಡಕ್ಕೆ ಎಷ್ಟು ಬಸ್ಸು ಹೋಗಿವೆ?

ಈಗ ಎದುರುವಾದಕ್ಕೆ ಬರೋಣ. ನಮ್ಮ ಹಿರಿಯರೊಬ್ಬರ ಮುಂದೆ ಈ ಮಾತೆತ್ತಿದಾಗ ಅವರು ಕೆರಳಿ ಕೇಳಿದರು: "ಕೆಸರಿನಿಂದ ಎದ್ದು ಬರಲು ನಮಗೆ ಎರಡು ತಲೆಮಾರು ಬೇಕಾಯಿತು. ಮೊಮ್ಮಕ್ಕಳನ್ನು ಮತ್ತೆ ಅದೇ ಕೆಸರಿಗೆ ಇಳಿಸಬೇಕೆನ್ನುತ್ತೀರಾ?" ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಲಾರೆವು. ಹಳ್ಳಿಯ ಬದುಕನ್ನು ಹಾಡಿ ಹೊಗಳುವವರ ಪೈಕಿ ನಾವಲ್ಲ. ಗೇಣಿ ಕಟ್ಟಲಾರದೆ ಊರು ಬಿಟ್ಟವರು, ಧಣಿಯ ಹಟ್ಟಿ ಬಳಿದವರು, ಬರಗಾಲಕ್ಕೆ ಬೆದರಿ ವಿಜಾಪುರ ಕಡೆಯಿಂದ ರೈಲು ಹತ್ತಿದವರು ನಮ್ಮಲ್ಲಿ ಅನೇಕರು. ಹತ್ತು ಹನ್ನೆರಡರ ಹುಡುಗರು ನಮ್ಮ ಹೋಟೆಲುಗಳಲ್ಲಿ ಹಗಲೆಲ್ಲ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತದ್ದು ನಮ್ಮದೇ ಚರಿತ್ರೆ. ಆ ಹುಡುಗರನ್ನು ದುಡಿಸಿಕೊಂಡವರೂ ನಾವೇ, ಆ ರಾತ್ರಿಶಾಲೆಗಳನ್ನು ಕಟ್ಟಿದವರೂ ನಾವೇ. ದುಡಿಮೆ ಎಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆದ್ದರಿಂದಲೇ ವ್ಯತ್ಯಾಸ ನಮಗೆ ಬೇಗ ಅರ್ಥವಾಗಬೇಕು. ತಾರಾಬಾಯಿ ಬೋರ್ಡಿಗೆ ಹೋದ 1945ರಲ್ಲೇ, ಅದೇ ಸೀಮೆಯಲ್ಲಿ, ಗೋದಾವರಿ ಪರುಳೇಕರ್ ಅವರ ಮುಂದಾಳುತನದಲ್ಲಿ ವಾರ್ಲಿಗಳು ಜಮೀನುದಾರರ ಬಿಟ್ಟಿಚಾಕರಿಗೆ ಎದುರುನಿಂತರು. ಅದೇ ಮಣ್ಣು, ಅದೇ ಕತ್ತಿ, ಅದೇ ಹುಲ್ಲು. ಇನ್ನೊಬ್ಬನ ಹೊಟ್ಟೆ ತುಂಬಿಸಲು ಹೆದರಿಸಿ ಮಾಡಿಸಿದರೆ ಅದು ಬಿಟ್ಟಿಚಾಕರಿ. ತನ್ನ ಮನಸ್ಸು ಕೈ ಬೆಳೆಯಲೆಂದು, ತನ್ನಿಚ್ಛೆಯಿಂದ, ತನ್ನ ವೇಗದಲ್ಲಿ ಮಗು ಮಾಡಿದರೆ ಅದು ಶಿಕ್ಷಣ. ಮೊದಲನೆಯದರಿಂದ ಮಕ್ಕಳನ್ನು ಬಿಡಿಸಬೇಕು. ಎರಡನೆಯದನ್ನು ಮಕ್ಕಳಿಗೆ ಕೊಡಬೇಕು. ನಾವು ಮೊದಲನೆಯದರ ಮೇಲಿನ ಸಿಟ್ಟಿನಲ್ಲಿ ಎರಡನೆಯದನ್ನೂ ಕಸಿದಿದ್ದೇವೆ. ಗೇಣಿ ಹೋಗಲಿ ಎಂದರೆ ಗದ್ದೆಯೇ ಹೋಗಲಿ ಎಂದ ಹಾಗಾಯಿತು.

ಇದರ ವಿಡಂಬನೆ ನೋಡಿ. ಮಾಂಟೆಸರಿ ತರಗತಿಯಲ್ಲಿ ಮಗು ಒಂದು ಹೂಜಿಯಿಂದ ಇನ್ನೊಂದಕ್ಕೆ ಬೇಳೆ ಸುರಿಯುತ್ತದೆ, ಜರಡಿ ಹಿಡಿಯುತ್ತದೆ, ಬಟ್ಟೆ ಮಡಚುತ್ತದೆ. ಅದಕ್ಕೆ 'ಜೀವನ ವ್ಯವಹಾರದ ಅಭ್ಯಾಸ' ಎಂದು ಹೆಸರು, ಅದಕ್ಕಾಗಿ ನಾವು ಸಾವಿರಾರು ರೂಪಾಯಿ ಕಟ್ಟುತ್ತೇವೆ. ಅದೇ ಮಗು ಮನೆಯಲ್ಲಿ ಅಜ್ಜಿಯ ಗೆರಸೆಗೆ ಕೈಹಾಕಿದರೆ "ಹೋಗು, ಹೋಮ್‌ವರ್ಕ್ ಮಾಡು" ಎಂದು ಗದರುತ್ತೇವೆ. ಶುಲ್ಕ ಕಟ್ಟಿ ಕೊಳ್ಳುವ ವಿದ್ಯೆ ಅಜ್ಜಿಯ ಬಳಿ ಬಿಟ್ಟಿಯಾಗಿ ಸಿಗುತ್ತಿತ್ತೆಂಬುದು ನಮಗೆ ನಾಚಿಕೆಯ ವಿಷಯವಾಗಿದೆ.

"ಹೊಲದ ಶಾಲೆ ಸಿರಿವಂತರ ಷೋಕಿ" ಎನ್ನುವುದು ಇನ್ನೊಂದು ಆಕ್ಷೇಪ. ಈಗಿನ ಕೆಲವು ಶಾಲೆಗಳ ಹೊಳೆಯುವ ಕರಪತ್ರ ಕಂಡರೆ ಹಾಗೆನ್ನಿಸುವುದು ನಿಜ. ವರ್ಷಕ್ಕೊಮ್ಮೆ ಹವಾನಿಯಂತ್ರಿತ ಬಸ್ಸು, ಟ್ರಾಕ್ಟರಿನ ಮೇಲೊಂದು ಫೋಟೋ, ಮಧ್ಯಾಹ್ನ ಪಾವ್‌ಭಾಜಿ, ಸಂಜೆ ವಾಪಸು. ಇದು ಮಣ್ಣಿನ ಪಾಠವಲ್ಲ, ಮಣ್ಣಿನ ಸಿನಿಮಾ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ 6ರಿಂದ 8ನೆಯ ತರಗತಿಯ ನಡುವೆ 10 ದಿನ ಚೀಲವಿಲ್ಲದ ಕಲಿಕೆ ಇರಲಿ ಎಂದು ಹೇಳಿ ಕೈತೊಳೆದುಕೊಂಡಿತು. ಹತ್ತು ದಿನದಲ್ಲಿ ಮೂಲಂಗಿಯೂ ಬೆಳೆಯುವುದಿಲ್ಲ.

ಆದರೆ ಕೋಸಬಾಡಿನ ಸಾಮಗ್ರಿಗೆ ಬೆಲೆ ಎಷ್ಟು? ಬೀಜ, ಚಿಪ್ಪು, ಎಲೆ. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಗುಡ್ಡದಲ್ಲಿ ಬಾಲವನ ಕಟ್ಟಿ, ಮಕ್ಕಳ ಶಿಕ್ಷಣವನ್ನು ಕೈಯಾರೆ ಪ್ರಯೋಗಿಸಿ ನೋಡಿದ್ದು ಯಾವ ಕುಬೇರನ ಬೊಕ್ಕಸದಿಂದ? ಜಗತ್ತಿನ ಸೋಜಿಗಗಳನ್ನೆಲ್ಲ ಕನ್ನಡದಲ್ಲಿ ಮಕ್ಕಳಿಗೆ ಹೇಳಬೇಕೆಂದು ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದವರೂ ಅವರೇ. ಕಾರಂತರ ಹೆಸರಿನಲ್ಲಿ ನಾವು ವಿಚಾರಸಂಕಿರಣ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಅವರ ಬಾಲವನದ ಮರಿಯೊಂದನ್ನು ಈ ನಗರದಲ್ಲಿ ನೆಡಲು ನಮಗೆ ತೋಚಲಿಲ್ಲ.

ಮುಂಬಯಿಯಲ್ಲಿ ಗುಜರಾತಿಗಳಿದ್ದಾರೆ, ಸಿಂಧಿಗಳಿದ್ದಾರೆ, ನಾನಾ ದೇಶದವರಿದ್ದಾರೆ. ಅವರನ್ನು ಬಿಟ್ಟು ನಮ್ಮವರಿಗೇ ಈ ಮಾತು ಏಕೆ ಎಂದರೆ, ಕಾರಣವಿದೆ. ನಮ್ಮ ಬಹುಪಾಲು ಮನೆಗಳಿಗೆ ಊರಲ್ಲಿ ಇಂದಿಗೂ ಒಂದು ತುಂಡು ಭೂಮಿಯಿದೆ, ಅಥವಾ ನಿನ್ನೆ ಮೊನ್ನೆಯ ತನಕ ಇತ್ತು. 1974ರ ಭೂಸುಧಾರಣೆಯಲ್ಲಿ ಎಷ್ಟೋ ಗೇಣಿದಾರ ಕುಟುಂಬಗಳು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದವು. ಆ ಹಕ್ಕುಪತ್ರವನ್ನು ಹಿರಿಯರು ದೇವರ ಕೋಣೆಯಲ್ಲಿಟ್ಟರು. ಈಗ ಮಕ್ಕಳು ಮುಂಬಯಿಯಲ್ಲಿ, ಗದ್ದೆ ಹಡಿಲು. ಸಿಂಧಿಯ ಮಗುವಿಗೆ ಮರಳಿ ಹೋಗುವ ಹೊಲವಿಲ್ಲ. ಅದು ದೇಶವಿಭಜನೆಯ ದುರಂತ. ನಮ್ಮ ಮಗುವಿಗೆ ಹೊಲವಿದ್ದೂ ಇಲ್ಲ. ಇದು ನಮ್ಮ ಕೈಯಾರೆ ಮಾಡಿದ ಕೆಲಸ.

ಇನ್ನೊಂದು ಕಾರಣ ಭಾಷೆ. ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಪ್ರತಿ ನವೆಂಬರಿನಲ್ಲೂ ವೇದಿಕೆಯ ಮೇಲೆ ಕಣ್ಣೀರು ಸುರಿಸುತ್ತೇವೆ. ಬರುವುದಾದರೂ ಹೇಗೆ? ಮನೆಯಲ್ಲಿ ಕನ್ನಡವೋ ತುಳುವೋ ಯಾವುದೇ ಆಗಲಿ, ಅದರಲ್ಲಿ ಮಗು ಕೇಳುವುದು ನಾಲ್ಕೇ ಮಾತು: ಊಟ ಮಾಡು, ಮಲಗು, ಗಲಾಟೆ ಬೇಡ, ಟಿವಿ ಬಂದ್ ಮಾಡು. ಆಜ್ಞೆಯಾಗಿ ಮಾತ್ರ ಉಳಿದ ಭಾಷೆಯನ್ನು ಯಾವ ಮಗು ಪ್ರೀತಿಸುತ್ತದೆ? ನೇಜಿ, ಬದು, ಸೋಗೆ, ಹೊಂಬಾಳೆ, ಜಳ್ಳು, ಹದ. ಕೂರಿಗೆ, ಕುಂಟೆ, ರಾಶಿ, ಚರಗ. ಈ ಶಬ್ದಗಳನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲಾಗದು. ಮಣ್ಣಿನ ಹದವನ್ನು ಬೆರಳಿನಿಂದ ಒತ್ತಿ ನೋಡಿದ ಮಗುವಿಗೆ 'ಹದ'ವೆಂಬ ಮಾತು ಒಮ್ಮೆ ಬಂದರೆ ಸಾಯುವ ತನಕ ಮರೆಯದು; ಮುಂದೆ ಅದು ಅಡುಗೆಯ ಹದವನ್ನೂ, ಮಾತಿನ ಹದವನ್ನೂ ತಾನೇ ತಿಳಿಯುತ್ತದೆ. ಬೇಲಿಯನ್ನೂ ಹೊಲವನ್ನೂ ಕಾಣದವನಿಗೆ ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಏನು ಹೇಳೀತು? ಕೈಯಿಂದ ಮನಸ್ಸಿಗೆ ಎಂಬುದು ಮಾಂಟೆಸರಿಯವರ ದಾರಿ. ಭಾಷೆಯ ದಾರಿಯೂ ಅದೇ.

ಟೀಕೆ ಸುಲಭ, ಮಾಡಬೇಕಾದುದೇನು ಎಂದು ಕೇಳುವುದು ನ್ಯಾಯ. ನಮ್ಮ ಸೂಚನೆಗಳು ನಾಲ್ಕು.

ಮೊದಲನೆಯದು, ಮಗುವನ್ನು ಸೇರಿಸಲು ಹೋದಾಗ ಶುಲ್ಕ ಎಷ್ಟೆಂದು ಕೇಳುವ ಮುನ್ನ, "ಆರರ ಮೇಲೆ ಏನು ಮಾಡುತ್ತೀರಿ? ಮಕ್ಕಳು ವಾರಕ್ಕೆ ಎಷ್ಟು ಹೊತ್ತು ಹೊರಗಿರುತ್ತಾರೆ?" ಎಂದು ಕೇಳಿರಿ. ಹತ್ತು ತಂದೆತಾಯಂದಿರು ಕೇಳಿದರೆ ಮುಖ್ಯೋಪಾಧ್ಯಾಯರು ಯೋಚಿಸಲು ತೊಡಗುತ್ತಾರೆ.

ಎರಡನೆಯದು, ದೀಪಾವಳಿ ರಜೆ. ಕರಾವಳಿಯಲ್ಲಿ ಏಣೆಲು ಬೆಳೆಯ ಕೊಯ್ಲು ಹೆಚ್ಚುಕಡಿಮೆ ಆ ಸಮಯಕ್ಕೇ ಬರುತ್ತದೆ. ಊರಿಗೆ ಹೋದ ಮಕ್ಕಳನ್ನು ಮದುವೆ ಹಾಲಿನಿಂದ ಮದುವೆ ಹಾಲಿಗೆ ಎಳೆದಾಡದೆ, ನಾಲ್ಕು ದಿನ ಗದ್ದೆಗೆ ಬಿಡಿ. ತೆನೆ ಹೊರಲಿ, ಜಳ್ಳು ಹಾರಿಸಲಿ, ಅಳೆಯಲಿ, ಲೆಕ್ಕ ಬರೆಯಲಿ. ಉತ್ತರ ಕರ್ನಾಟಕದವರಿಗೆ ಎಳ್ಳಮಾವಾಸ್ಯೆ ಇದೆ. ಚರಗ ಚೆಲ್ಲುವ ದಿನ ಮಗು ಜೋಳದ ಹೊಲದ ನಡುವೆ ನಿಲ್ಲಲಿ.

ಮೂರನೆಯದು ಸಂಘಸಂಸ್ಥೆಗಳಿಗೆ. ನಾವು ಸಭಾಗೃಹಗಳನ್ನು ಕಟ್ಟಿದ್ದೇವೆ, ಅದು ಸಣ್ಣ ಸಾಧನೆಯಲ್ಲ. ಇನ್ನು ನಾಲ್ಕು ಗುಂಟೆ ನೆಲ ಹಿಡಿಯೋಣ. ವಸಯಿಯ ವಾಡಿಗಳಲ್ಲಿ ಇಂದಿಗೂ ಹೂವು ತರಕಾರಿ ಬೆಳೆಯುತ್ತಾರೆ. ವರ್ಷಕ್ಕಿಷ್ಟೆಂದು ಬಾಡಿಗೆಗೆ ಒಂದು ತುಂಡು ಸಿಗದೇ ಇರದು. ಆರರಿಂದ ಹನ್ನೆರಡರ ಮಕ್ಕಳು ವಾರವಾರ ಅಲ್ಲಿಗೆ ಹೋಗಲಿ. ನಿಯಮ ಮೂರೇ: ಹಾರೆ ಮಕ್ಕಳ ಕೈಯಲ್ಲಿರಬೇಕು, ಹಿರಿಯರು ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು, ಮುಖ್ಯ ಅತಿಥಿ, ಮೈಕು, ಪ್ರಮಾಣಪತ್ರಗಳಿಗೆ ಪ್ರವೇಶವಿಲ್ಲ. ಕಲಿಸುವವರಿಗೇನು ಬರ? ನಮ್ಮ ಕಟ್ಟಡದ ವಾಚ್‌ಮನ್, ಕ್ಯಾಂಟೀನಿನ ಅಡುಗೆಯವರು, ನಿವೃತ್ತ ಅಜ್ಜಂದಿರು ಒಂದು ಕಾಲಕ್ಕೆ ಉತ್ತವರೇ. ಅವರಿಗೆ ಗೌರವಧನ ಕೊಟ್ಟು 'ಗುರುಗಳೇ' ಎಂದು ಕರೆಯೋಣ. ಮಕ್ಕಳಿಗೆ ಅದೂ ಒಂದು ಪಾಠ.

ನಾಲ್ಕನೆಯದು, ಮಕ್ಕಳಿಲ್ಲದೆ ಬಡವಾಗುತ್ತಿರುವ ನಮ್ಮ ಕನ್ನಡ ಶಾಲೆಗಳು. ಇಂಗ್ಲಿಷ್ ಶಾಲೆಗಳನ್ನು ನಕಲು ಮಾಡಿ ಅವು ಗೆಲ್ಲಲಾರವು. ಬೇರೆಲ್ಲೂ ಸಿಗದ ಒಂದನ್ನು ಕೊಟ್ಟರೆ ಗೆಲ್ಲಬಹುದು. ಆವರಣದ ಮೂಲೆಯಲ್ಲಿ ಹತ್ತು ಮಡಿ, ತಾರಾಬಾಯಿಯವರ ಚಿಪ್ಪುಬೀಜಗಳ ಸಾಮಗ್ರಿ, ಕಾರಂತರ ಮಾದರಿಯ ಜಗತ್ತಿನ ಕಥೆ. ಇಷ್ಟಕ್ಕೆ ಬೇಕಾದುದು ಹಣವಲ್ಲ, ಮನಸ್ಸು.

ನಮ್ಮ ಮಾತು ಕೆಲವರಿಗೆ ಖಾರವಾಗಿರಬಹುದು. ಆದರೆ ಒಂದು ಪ್ರಶ್ನೆಯನ್ನು ಪ್ರತಿ ಮನೆಯವರೂ ತಮ್ಮಲ್ಲೇ ಕೇಳಿಕೊಳ್ಳಬೇಕು. ಊರಿನ ಆ ತುಂಡು ಗದ್ದೆಯ ಗಡಿಕಲ್ಲು ಎಲ್ಲಿದೆಯೆಂದು ಅಪ್ಪನಿಗೆ ಗೊತ್ತು, ನಮಗೆ ಅಂದಾಜು. ನಮ್ಮ ಮಕ್ಕಳಿಗೆ ದಲ್ಲಾಳಿ ಹೇಳಬೇಕಾಗುತ್ತದೆ. ಆ ದಿನ ಅವರು ಮಾರುವುದು ಹತ್ತಿಪ್ಪತ್ತು ಸೆಂಟ್ಸ್ ಭೂಮಿಯನ್ನಷ್ಟೇ ಅಲ್ಲ. ಹಾಗಾಗಬಾರದೆಂದರೆ, ಆರು ತುಂಬಿದ ಮಗುವಿನ ಕೈಯನ್ನು ಇಂದು ತೊಳೆಯುವುದನ್ನು ಸ್ವಲ್ಪ ತಡಮಾಡೋಣ. ಮೊದಲು ಆ ಕೈಗೆ ಮಣ್ಣಾಗಲಿ.